ಶಾಲೆಯಲ್ಲಿ ಮಕ್ಕಳಿಗೆ ಔಷಧ ಕೊಡ್ತೀರಾ? ಮೊದಲು ಪುಸ್ತಕ ಸರಿಮಾಡಿಕೊಳ್ಳಿ

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಔಷಧದ ರಿಜಿಸ್ಟರ್ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಹುಡುಗನ ಪುಟ ತೆರೆದೆ. ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ '1 ಗಂಟೆಗೆ ಮಾತ್ರೆ ಕೊಟ್ಟಿದೆ' ಎಂದು ಬರೆದಿತ್ತು. ಒಂದೇ ಪೆನ್ನು, ಒಂದೇ ಓಟದ ಸಹಿ. ಆದರೆ ಆ ವಾರ ಗುರುವಾರ ಶಾಲೆಗೆ ರಜೆ ಇತ್ತು! ಉಳಿದ ನಾಲ್ಕು ದಿನ ಆ ಟೀಚರ್ ತಪ್ಪದೆ ಮಾತ್ರೆ ಕೊಟ್ಟಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾಳೆ ಏನಾದರೂ ಎಡವಟ್ಟಾದರೆ ಆ ನಾಲ್ಕು ದಿನವನ್ನಾದರೂ ಯಾರು ನಂಬುತ್ತಾರೆ?

ಔಷಧ ಕೊಡುವ ಸಿಬ್ಬಂದಿಗೆ ಕಾನೂನಿನ ರಕ್ಷಣೆ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಇದೆ, ಆದರೆ ಅದಕ್ಕೊಂದು ಷರತ್ತಿದೆ. ಭಾರತೀಯ ನ್ಯಾಯ ಸಂಹಿತೆಯನ್ನೇ ನೋಡಿ. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಒಪ್ಪಿಗೆ ಪಡೆದು, ಸದ್ಭಾವನೆಯಿಂದ ಮಾಡಿದ ಕೆಲಸ ಕೆಲವು ಮಿತಿಗಳೊಳಗೆ ಅಪರಾಧವಲ್ಲ ಎನ್ನುತ್ತದೆ ಅದರ 27ನೇ ಕಲಂ. ಒಪ್ಪಿಗೆ ಕೇಳಲು ಹೊತ್ತೇ ಇಲ್ಲದ ತುರ್ತಿಗೆ 30ನೇ ಕಲಂ ಇದೆ. ಆದರೆ ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಅನ್ನಿಸಿಕೊಳ್ಳುವುದೇ ಇಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ. ಅಮೆರಿಕದ ಹಲವು ರಾಜ್ಯಗಳ ಕಾನೂನುಗಳಲ್ಲೂ ಇದೇ ಧಾಟಿ: ತರಬೇತಿ ಪಡೆದು, ನಿಯಮದಂತೆ ಕೊಟ್ಟವರಿಗೆ ರಕ್ಷಣೆ ಉಂಟು, ಘೋರ ನಿರ್ಲಕ್ಷ್ಯಕ್ಕೆ ಇಲ್ಲ. ಅಂದರೆ ಒಳ್ಳೆಯ ಮನಸ್ಸಿಂದ ಕೊಟ್ಟೆ ಅಂದರೆ ಸಾಲದು, ನೋಡಿಕೊಂಡು ಕೊಟ್ಟೆ ಎಂದು ತೋರಿಸಲು ಆಗಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಹಂತ 1: ಆದೇಶ ಕಾಗದದಲ್ಲಿರಲಿ

'ಸ್ವಲ್ಪ ನೀವೇ ನೋಡ್ಕೊಳ್ಳಿ' ಎಂಬ ಬಾಯಿಮಾತು ನಂಬಬೇಡಿ. ಔಷಧ ಕೊಡುವವರು ಯಾರು, ಅವರು ರಜೆ ಹಾಕಿದರೆ ಯಾರು ಎಂದು ಹೆಸರು ಬರೆದ ಪತ್ರ ಕೇಳಿ ಪಡೆಯಿರಿ. ನೌಕರಿಯ ಭಾಗವಾಗಿ ಮಾಡಿದ ಕೆಲಸಕ್ಕೆ ಸಾಮಾನ್ಯವಾಗಿ ಸಂಸ್ಥೆಯೂ ಹೊಣೆ. ಪತ್ರವಿಲ್ಲದಿದ್ದರೆ 'ನಿಮಗೆ ಕೊಡಿ ಅಂತ ಹೇಳಿದ್ದು ಯಾರು?' ಎಂಬ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ. ತರಬೇತಿ ಆಗಿದ್ದರೆ ಅದರ ತಾರೀಕೂ ಬರೆಸಿಕೊಳ್ಳಿ. ಇಷ್ಟವಿಲ್ಲದಿದ್ದರೆ ಈಗಲೇ ಹೇಳಿಬಿಡುವುದು ಮೇಲು. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಪ್ರಕಾರ ಔಷಧ ಕೊಡಲು ಸಿಬ್ಬಂದಿಯನ್ನು ಕೇಳಬಹುದೇ ಹೊರತು ಒತ್ತಾಯ ಮಾಡುವಂತಿಲ್ಲ.

ಹಂತ 2: ಒಪ್ಪಿಗೆ ಪತ್ರ

ಒಂದು ಔಷಧಕ್ಕೆ ಒಂದು ಪತ್ರ. ಮಗುವಿನ ಪೂರ್ತಿ ಹೆಸರು, ಔಷಧದ ಹೆಸರು, ಎಷ್ಟು, ಯಾವಾಗ, ಎಲ್ಲಿಯವರೆಗೆ, ಅಲರ್ಜಿ ಇದೆಯಾ, ಪೋಷಕರ ಸಹಿ. ಜೊತೆಗೆ ಡಾಕ್ಟರ್ ಚೀಟಿಯ ಪ್ರತಿ. 'ಬೇಕಾದಾಗ ಕೊಡಿ' ಎಂದು ಬರೆದಿದ್ದರೆ ಪತ್ರ ವಾಪಸ್ ಕಳಿಸಿ. ಯಾವ ಲಕ್ಷಣ ಕಂಡರೆ ಕೊಡಬೇಕು, ಎರಡು ಡೋಸ್ ನಡುವೆ ಎಷ್ಟು ಗಂಟೆ ಬಿಡಬೇಕು, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂಬುದಿಲ್ಲದೆ ಅದು ಒಪ್ಪಿಗೆಯೇ ಅಲ್ಲ. ರೋಗ ಗುರುತಿಸುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದ ಹಾಗಾಯಿತು, ಅಷ್ಟೆ.

'ಏನಾದರೂ ಆದರೆ ಶಾಲೆ ಹೊಣೆಯಲ್ಲ' ಎಂಬ ಸಾಲಿರುವ ರೆಡಿಮೇಡ್ ಫಾರಂಗಳು ಓಡಾಡುತ್ತವೆ. ಅದನ್ನು ನಂಬಿ ಕೂರಬೇಡಿ. ಬ್ರಿಟನ್‌ನಲ್ಲಿ 1977ರ ಕಾಯ್ದೆಯೊಂದು, ನಿರ್ಲಕ್ಷ್ಯದಿಂದಾದ ಸಾವು, ಗಾಯದ ಹೊಣೆಯನ್ನು ಇಂಥ ಷರತ್ತು ಹಾಕಿ ಕಳಚಿಕೊಳ್ಳುವ ಹಾಗಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ.

ಹಂತ 3: ಡಬ್ಬಿ ಸಮೇತ ತರಲಿ

ಕಾಗದದಲ್ಲಿ ಸುತ್ತಿದ ಮಾತ್ರೆ ಬೇಡ. ಕತ್ತರಿಸಿದ ಸ್ಟ್ರಿಪ್ ಅಂತೂ ಬೇಡವೇ ಬೇಡ. ಎರಡು ಮಾತ್ರೆಗೆಂದು ಸ್ಟ್ರಿಪ್ ಕತ್ತರಿಸಿದಾಗ ಹೆಸರು ಅರ್ಧ ಹೋಗಿರುತ್ತದೆ, ಅವಧಿ ಮುಗಿಯುವ ತಾರೀಕು ಇನ್ನೊಂದು ತುಂಡಿನ ಜೊತೆ ಮನೆಯಲ್ಲೇ ಉಳಿದಿರುತ್ತದೆ. ವಾರದ ದಿನಗಳ ಖಾನೆಯಿರುವ ಪ್ಲಾಸ್ಟಿಕ್ ಡಬ್ಬಿಗಳು ಮನೆಗೆ ಸರಿ, ಶಾಲೆಗಲ್ಲ. ಖಾನೆಯೊಳಗಿನ ಬಿಳಿ ಗುಂಡು ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು?

ಸಿರಪ್ ಇನ್ನೂ ಅಪಾಯ. ಮಕ್ಕಳ ಪ್ಯಾರಾಸಿಟಮಾಲ್ 5 ಎಂ.ಎಲ್.ಗೆ 120 ಅಥವಾ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಮಿ.ಗ್ರಾಂ ಇರುವುದೂ ಸಿಗುತ್ತದೆ. 'ಒಂದು ಚಮಚ' ಅಂತ ಬರೆದುಕೊಟ್ಟರೆ, ಬಾಟಲಿ ಬದಲಾದ ದಿನ ಡೋಸ್ ದುಪ್ಪಟ್ಟು. ಆದ್ದರಿಂದ ಪತ್ರದಲ್ಲಿ ಮಿ.ಗ್ರಾಂ, ಎಂ.ಎಲ್. ಎರಡೂ ಇರಲಿ, ಬಾಟಲಿಯ ಲೇಬಲ್ ಜೊತೆ ಹೋಲಿಸಿ ನೋಡಿ. ಅಳೆಯಲು ಸೂಜಿಯಿಲ್ಲದ ಸಿರಿಂಜ್ ಬಳಸಿ. ಬಾಟಲಿ ಮುಚ್ಚಳದ ಮೇಲೆ ಕೂರುವ ಆ ಪುಟ್ಟ ಕಪ್ಪಿನ ಗೆರೆಗಳು ಮಧ್ಯಾಹ್ನದ ಬೆಳಕಲ್ಲೂ ನನಗೆ ಕಂಡಿದ್ದಿಲ್ಲ.

ಹಂತ 4: ಕೊಡುವುದು

ಬೀಗ ಹಾಕಿದ ಕಪಾಟಿಂದ ತೆಗೆಯಿರಿ, ಒಂದು ಸಲಕ್ಕೆ ಒಂದೇ ಮಗುವನ್ನು ಕರೆಯಿರಿ, ನಿಮ್ಮ ಮುಂದೆಯೇ ನುಂಗಿಸಿ. 'ನೀನು ಕಿರಣ್ ಅಲ್ವಾ?' ಎಂದು ಮಾತ್ರ ಕೇಳಬೇಡಿ. ಅದಕ್ಕೆ ಮಕ್ಕಳು 'ಹೂಂ' ಅಂದುಬಿಡುತ್ತವೆ. 'ನಿನ್ನ ಪೂರ್ತಿ ಹೆಸರೇನು?' ಎಂದು ಕೇಳಿ.

ಹಂತ 5: ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಒಪ್ಪಿಗೆ ಪತ್ರಗಳನ್ನು ಚೆಂದವಾಗಿ ಫೈಲ್ ಮಾಡಿದವರೂ ರಿಜಿಸ್ಟರ್ ಮುಂದೆ ಸೋಮಾರಿಗಳಾಗುತ್ತಾರೆ.

ಹೊಲಿದ ಪುಸ್ತಕ ತನ್ನಿ. ಬಿಡಿ ಹಾಳೆ, ಸ್ಪೈರಲ್ ಪುಸ್ತಕ ಬೇಡ. ಅದರಲ್ಲಿ ಪುಟ ಹರಿದರೆ ಗೊತ್ತೇ ಆಗುವುದಿಲ್ಲ. ಮೊದಲ ದಿನವೇ ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಮೊಬೈಲ್ ಆ್ಯಪ್ ಚೆನ್ನಾಗಿದೆ ಅನ್ನುವವರಿದ್ದಾರೆ, ನನಗೆ ಪುಸ್ತಕವೇ ಇಷ್ಟ. ಸ್ಟಾಫ್ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಮಾತ್ರೆ ಕೊಟ್ಟೆ' ಎಂದು ಹಾಕುವುದಂತೂ ದಾಖಲೆಯಲ್ಲ. ಮಗುವಿನ ಕಾಯಿಲೆಯ ವಿಷಯ ಎಲ್ಲರ ಫೋನಿಗೂ ಹಂಚಿದ ಹಾಗೆ.

ಮಗು ನುಂಗಿದ ಮೇಲೆ, ಮಗು ಅಲ್ಲಿಂದ ಹೋಗುವ ಮುಂಚೆ ಬರೆಯಿರಿ. ಮೊದಲೂ ಅಲ್ಲ, ಸಂಜೆಯೂ ಅಲ್ಲ. ಸಮಯ 1:07 ಆಗಿದ್ದರೆ 1:07 ಅಂತಲೇ ಬರೆಯಿರಿ. ಎಲ್ಲ ದಿನವೂ ಸರಿಯಾಗಿ 1:00 ಅಂತಿರುವ ಪುಟ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಔಷಧ, ಪ್ರಮಾಣ, ಕೊಟ್ಟವರ ಸಹಿ. ಜೊತೆಗೆ ಉಳಿದದ್ದರ ಲೆಕ್ಕ: ಬಂದದ್ದು 10, ಕೊಟ್ಟದ್ದು 1, ಉಳಿದದ್ದು 9. ಈ ಕೊನೆಯ ಕಾಲಂ ಬಹಳ ಪುಸ್ತಕಗಳಲ್ಲಿ ಇರುವುದಿಲ್ಲ. ನಾನಾದರೆ ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡುವುದಿಲ್ಲ. 'ಇವತ್ತು ಎರಡು ಸಲ ಕೊಟ್ಟರಂತೆ' ಎಂದು ಪೋಷಕರು ಬಂದಾಗ ಡಬ್ಬಿ ತೆಗೆದು ಎಣಿಸಿದರೆ ಮಾತು ಮುಗಿಯಿತು.

ಕೊಡದ ದಿನವನ್ನೂ ಬರೆಯಬೇಕು. ಖಾಲಿ ಜಾಗ ಬಿಟ್ಟರೆ ಮರೆತಿರೋ, ಮಗು ಬಂದಿರಲಿಲ್ಲವೋ, ಬೇಡ ಅಂತೋ, ಯಾರಿಗೆ ಗೊತ್ತು? 'ಗೈರು', 'ಬೇಡ ಎಂದಳು, 1:15ಕ್ಕೆ ತಾಯಿಗೆ ಫೋನ್ ಮಾಡಿದೆ' ಎಂದು ಒಂದು ಸಾಲು ಸಾಕು. ತಪ್ಪು ಬರೆದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಿ ತಾರೀಕು ಹಾಕಿ. ವೈಟ್ನರ್ ಬಾಟಲಿ ಆ ಕೋಣೆಯಲ್ಲೇ ಇರಬಾರದು.

ಹಂತ 6: ತಪ್ಪಾದರೆ

ಮುಚ್ಚಿಡಬೇಡಿ. ಡೋಸ್ ಜಾಸ್ತಿಯಾದರೆ ಅಥವಾ ಬೇರೆ ಮಗುವಿಗೆ ಹೋದರೆ ಆ ನಿಮಿಷವೇ ಡಾಕ್ಟರಿಗೆ, ಪೋಷಕರಿಗೆ, ಮುಖ್ಯ ಶಿಕ್ಷಕರಿಗೆ ತಿಳಿಸಿ, ಯಾರಿಗೆ ಎಷ್ಟು ಹೊತ್ತಿಗೆ ಹೇಳಿದಿರಿ ಎಂದು ಬರೆದಿಡಿ. ಮಗು ವಾಂತಿ ಮಾಡಿಕೊಂಡಿತೆಂದು ನೀವೇ ತೀರ್ಮಾನಿಸಿ ಇನ್ನೊಂದು ಮಾತ್ರೆ ಕೊಡಬೇಡಿ.

ಹಂತ 7: ತುರ್ತು ಬಂದಾಗ

ಇಲ್ಲಿ ಮಾತ್ರ ಕಾಗದ ಆಮೇಲೆ. ತೀವ್ರ ಅಲರ್ಜಿಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ತಡವಾದರೆ ಜೀವಕ್ಕೇ ಕುತ್ತು. ಕೇಸಿಗೆ ಹೆದರಿ ಕೈ ಹಿಂಜರಿಯಬಾರದೆಂದೇ ಅಮೆರಿಕ 2013ರಲ್ಲಿ ಒಂದು ಕಾನೂನು ಮಾಡಿತು. ಶಾಲೆಗಳಲ್ಲಿ ಈ ಇಂಜೆಕ್ಷನ್ ಇಡಿಸಿ, ತರಬೇತಿ ಪಡೆದ ಸಿಬ್ಬಂದಿಗೆ ಸಾಕಷ್ಟು ಕಾನೂನು ರಕ್ಷಣೆ ಕೊಡುವ ರಾಜ್ಯಗಳಿಗೆ ಅನುದಾನದಲ್ಲಿ ಆದ್ಯತೆ ಎಂದಿತು. ಇಂಗ್ಲೆಂಡಿನ ಶಾಲೆಗಳು 2014ರಿಂದ ತುರ್ತು ಇನ್‌ಹೇಲರನ್ನೂ, 2017ರಿಂದ ಅಡ್ರಿನಲಿನ್ ಇಂಜೆಕ್ಟರನ್ನೂ ಸ್ವಂತಕ್ಕೆ ಇಟ್ಟುಕೊಳ್ಳಬಹುದು.

ಎಪಿಪೆನ್ (ಅಡ್ರಿನಲಿನ್ ಚುಚ್ಚುವ, ಪೆನ್ನಿನಂಥ ಇಂಜೆಕ್ಟರ್) ಆದರೆ ನೀಲಿ ಮುಚ್ಚಳ ತೆಗೆದು, ಕಿತ್ತಳೆ ಬಣ್ಣದ ತುದಿಯನ್ನು ತೊಡೆಯ ಹೊರಬದಿಗೆ ಒತ್ತಿ 3 ಸೆಕೆಂಡ್ ಹಿಡಿಯಬೇಕು. ಬಟ್ಟೆ ಮೇಲಿಂದಲೂ ಆಗುತ್ತದೆ. ಗಾಬರಿಯಲ್ಲಿ ತಿರುವುಮುರುವು ಹಿಡಿದು ಸ್ವಂತ ಹೆಬ್ಬೆರಳಿಗೆ ಚುಚ್ಚಿಕೊಂಡವರಿದ್ದಾರೆ, ಅದಕ್ಕೇ ಸೂಜಿಯಿಲ್ಲದ ಡಮ್ಮಿ ಪೆನ್ ಹಿಡಿದು ಅಭ್ಯಾಸ ಮಾಡಿ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿಸಿ, ಮಗುವನ್ನು ಎಬ್ಬಿಸಿ ನಡೆಸಬೇಡಿ. ಚುಚ್ಚಿದ ಸಮಯವನ್ನು ಸಿಕ್ಕಿದ್ದರ ಮೇಲೆ ಬರೆದುಕೊಳ್ಳಿ, ಅಂಗೈಯಾದರೂ ಸರಿ. ಬಳಸಿದ ಪೆನ್ ಕಸದ ಬುಟ್ಟಿಗಲ್ಲ, ಆ ಸಮಯದ ಚೀಟಿಯ ಜೊತೆ ಆಂಬ್ಯುಲೆನ್ಸ್‌ನವರ ಕೈಗೆ.