ಮೂರನೇ ಎಸೆತದಿಂದ ಹಿಂದಕ್ಕೆ ಲೆಕ್ಕ

ತೀರ್ಥಹಳ್ಳಿ ಕಡೆ ಜುಲೈನಲ್ಲಿ ಮಳೆ ಬಿಡುವು ಕೊಟ್ಟರೆ ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಓಡಬೇಕು, ಇಲ್ಲದಿದ್ದರೆ ಮನೆಯೊಳಗೇ ಇರಬೇಕು. ಹಾಗೆ ಒಳಗೆ ಕೂತ ಒಂದು ಮಳೆಗಾಲದಲ್ಲಿ ನಾನು ಎಂಎಲ್‌ಬಿ ದಿ ಶೋ ಎಂಬ ಬೇಸ್‌ಬಾಲ್ ವಿಡಿಯೊ ಗೇಮ್ ಆಡಲು ಶುರು ಮಾಡಿದೆ. ಎದುರಾಳಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ. ಬ್ಯಾಟಿಂಗ್ ಬೇಗ ಕೈಗೆ ಬಂತು. ಪಿಚಿಂಗ್‌ಗೆ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದಕ್ಕೆ, ಮಾತ್ರ ತುಂಬಾ ದಿನ ಬೇಕಾಯಿತು.

ನನ್ನ ಪಿಚರ್ ಬಲಗೈಯವನು. ಫಾಸ್ಟ್‌ಬಾಲ್ 95 ಮೈಲಿ, ಅಂದರೆ ಗಂಟೆಗೆ ಸುಮಾರು 153 ಕಿಲೋಮೀಟರ್. ಫಾಸ್ಟ್‌ಬಾಲ್‌ನಂತೆಯೇ ಕಂಡು ನಿಧಾನ ಬರುವ ಚೇಂಜಪ್ 84 ಮೈಲಿ. ಜೊತೆಗೆ ಪಕ್ಕಕ್ಕೆ ಸರಿಯುವ ಸ್ಲೈಡರ್, ಕೆಳಕ್ಕೆ ಬಾಗುವ ಕರ್ವ್. ಮೊದಮೊದಲು ಬರೀ ವೇಗವನ್ನೇ ನಂಬಿದೆ, ಹೊಡೆದ. ಆಮೇಲೆ ನಾಲ್ಕನ್ನೂ ಸುಮ್ನೆ ಬೆರೆಸಿ ಎಸೆದೆ, ಆಗಲೂ ಹೊಡೆದ.

ಯಾಕೆಂದು ರೀಪ್ಲೇ ನೋಡಿದಾಗ ಗೊತ್ತಾಯಿತು. ಕರ್ವ್ ಕೈಬಿಟ್ಟ ಕೂಡಲೇ ಸ್ವಲ್ಪ ಮೇಲಕ್ಕೆ ಏಳುತ್ತದೆ. ನನ್ನ ಫಾಸ್ಟ್‌ಬಾಲ್‌ಗಳೆಲ್ಲ ಮಂಡಿಯ ಎತ್ತರಕ್ಕೆ ಹೋಗುತ್ತಿದ್ದವು. ಹಾಗಾಗಿ ಮೇಲೆದ್ದ ಚೆಂಡು ಕಂಡರೆ ಅದು ಕರ್ವ್ ಎಂದು ಅವನಿಗೆ ಅಲ್ಲೇ ತಿಳಿಯುತ್ತಿತ್ತು. ಎದೆಮಟ್ಟಕ್ಕೆ ಎರಡು ಫಾಸ್ಟ್‌ಬಾಲ್ ಹಾಕಿದ ಮೇಲೆ ಅದೇ ಕರ್ವ್ ಕೆಲಸ ಮಾಡತೊಡಗಿತು. ಎರಡೂ ಅರ್ಧ ದಾರಿವರೆಗೆ ಒಂದೇ ಥರ ಕಾಣುತ್ತವೆ, ಆಮೇಲೆ ಒಂದು ಧೊಪ್ಪನೆ ಇಳಿಯುತ್ತದೆ. ಈ ಆಟದಲ್ಲಿ ಬ್ಯಾಟರ್ ಪಿಸಿಐ ಎಂಬ ಗುರುತನ್ನು ಸ್ಟಿಕ್‌ನಿಂದ ಸರಿಸಿ ಚೆಂಡಿನ ಮೇಲೆ ತರಬೇಕು. ಮೇಲಿಟ್ಟುಕೊಂಡು ಕಾಯುತ್ತಿದ್ದವನಿಗೆ ಅದನ್ನು ಕೆಳಗೆ ತರಲು ಸಮಯವೇ ಸಿಗುವುದಿಲ್ಲ.

ಚೇಂಜಪ್ ಅರ್ಥವಾಗಿದ್ದು ವೆಂಕಟೇಶ್ ಪ್ರಸಾದ್ ಅವರ ನಿಧಾನದ ಲೆಗ್ ಕಟರ್ ನೆನಪಾದಾಗ. ಕೈ ಅದೇ ವೇಗದಲ್ಲಿ ಬರುತ್ತದೆ, ಚೆಂಡು ಮಾತ್ರ ತಡ. ಎಡಗೈ ಬ್ಯಾಟರ್‌ಗೆ ಹೊರಗಿನ ಅಂಚಿನಲ್ಲಿ ಫಾಸ್ಟ್‌ಬಾಲ್ ಹಾಕಿ, ಅದೇ ಗೆರೆಯಲ್ಲಿ ಚೇಂಜಪ್ ಬಿಡುತ್ತೇನೆ. ಅದು ಅವನಿಂದ ದೂರ ಸರಿದು ಕೆಳಗೆ ಬೀಳುತ್ತದೆ. ಬ್ಯಾಟ್ ಆಗಲೇ ಬೀಸಿ ಆಗಿರುತ್ತದೆ.

ಬೀಸಿ ತಪ್ಪಿದರೆ, ಇಲ್ಲವೇ ಬ್ಯಾಟಿಗೆ ಎಟಕುವ ವಲಯದೊಳಗೆ ಬಂದದ್ದನ್ನು ಬಿಟ್ಟರೆ ಅದು ಸ್ಟ್ರೈಕ್; ಮೂರಾದರೆ ಔಟ್. ಈಗ ನಾನು ಮೊದಲು ಯೋಚಿಸುವುದು ಮೂರನೇ ಸ್ಟ್ರೈಕ್ ಯಾವುದು ಎಂದು. ಬಲಗೈ ಬ್ಯಾಟರ್ ಹೊರಗೆ ಹೋಗುವ ಸ್ಲೈಡರ್‌ಗೆ ಬ್ಯಾಟ್ ಬೀಸಬೇಕು ಎಂದಾದರೆ, ಹೊರಗಿನ ಅಂಚಿನಲ್ಲಿ ಫಾಸ್ಟ್‌ಬಾಲ್ ಮೊದಲೇ ಸ್ಟ್ರೈಕ್ ಆಗಿರಬೇಕು. ಅಲ್ಲಿ ಬಂದ ಚೆಂಡನ್ನು ಬಿಟ್ಟರೆ ಕಷ್ಟ ಎಂಬ ಭಯ ಅವನಿಗೆ ಇರಬೇಕು, ಅಲ್ವಾ? ಭಯವೇ ಇಲ್ಲದಿದ್ದರೆ ಅವನು ಸುಮ್ಮನೆ ನಿಂತು ಬಾಲ್, ಅಂದರೆ ಆ ವಲಯದ ಹೊರಗೆ ಹೋದ ಎಸೆತಗಳನ್ನು, ಎಣಿಸುತ್ತಾನೆ. ನಾಲ್ಕಾದರೆ ಮೊದಲ ಬೇಸ್ ಬಿಟ್ಟಿ.

ಎರಡು ಬಾಲ್, ಸ್ಟ್ರೈಕ್ ಇಲ್ಲ ಎಂಬ ಸ್ಥಿತಿಯಲ್ಲಿ ಫಾಸ್ಟ್‌ಬಾಲ್ ಹಾಕುವುದನ್ನು ಬಹಳ ಕಡಿಮೆ ಮಾಡಿದ್ದೇನೆ. ಎಲ್ಲರೂ ಅದಕ್ಕೇ ಕಾದಿರುತ್ತಾರೆ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರತಿ ಬ್ಯಾಟರ್‌ಗೆ ಹಾಕಿದ ಸರಣಿ ಬರೆದಿಡುತ್ತೇನೆ. ಒಬ್ಬನೇ ಬ್ಯಾಟರ್ ಎರಡನೇ ಸಲ ಬಂದಾಗ ಅದೇ ಸರಣಿ ನಡೆಯುವುದಿಲ್ಲ. ಅದಕ್ಕೇ ಮೊದಲ ಸುತ್ತಿನಲ್ಲಿ ಒಂದು ಎಸೆತವನ್ನು ತೋರಿಸದೆ ಉಳಿಸಿಕೊಳ್ಳುತ್ತೇನೆ, ಜಾಸ್ತಿ ಸಲ ಅದು ಕರ್ವ್.

ಚಿಕ್ಕಪ್ಪನ ಮಗ ಈಚೆಗೆ ಕೆಳಗಿನ ಚೇಂಜಪ್‌ಗೆ ಬ್ಯಾಟ್ ಬೀಸದೆ ಬಿಡುವುದನ್ನು ಕಲಿತಿದ್ದಾನೆ. ಈ ವಾರ ಅದನ್ನೇ ಒಂದು ಗೇಣು ಮೇಲೆ, ಮಂಡಿಯ ಹತ್ತಿರ ಸ್ಟ್ರೈಕ್ ಆಗುವಂತೆ ಹಾಕುತ್ತಿದ್ದೇನೆ. ನಿನ್ನೆ ಎರಡು ಸಲ ಬ್ಯಾಟ್ ಎತ್ತದೆ ನಿಂತುಬಿಟ್ಟ.