ಎಡಿಟಿಂಗ್‌ನಿಂದ ಮಿಕ್ಸಿಂಗ್‌ಗೆ ಆಡಿಯೋ ಕಳಸೋ ಮುಂದ ಇಷ್ಟು ನೋಡ್ರಿ

ಕಲಬುರಗಿಯೊಳಗ ಪ್ರೀಮಿಯರ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ದಾಗ ಎಡಿಟ್ ಮಾಡಿ, ಬೆಂಗಳೂರಿಗೆ ಪ್ರೊ ಟೂಲ್ಸ್ (ಆಡಿಯೋ ಸಾಫ್ಟ್‌ವೇರ್) ಮಿಕ್ಸಿಂಗ್‌ಗೆ ಕಳಸೋರು ಒಎಂಎಫ್ ಬಿಟ್ಟು ಎಎಎಫ್ ತಗೀರಿ. ಎರಡೂ ಟ್ರ್ಯಾಕ್, ಕಟ್ ಸಮೇತ ಆಡಿಯೋ ಒಯ್ಯೋ ಫೈಲ್. ಒಎಂಎಫ್ ಫೈಲ್ 2 ಜಿಬಿ ದಾಟಂಗಿಲ್ಲ. ರೀಪರ್ ಅನ್ನೋ ಬ್ಯಾರೆ ಆಡಿಯೋ ಸಾಫ್ಟ್‌ವೇರ್‌ದಾಗ ಮಿಕ್ಸ್ ಮಾಡೋರಿದ್ರ ಮೊದ್ಲೇ ಕೇಳ್ರಿ, ಅದು ಎಎಎಫ್ ನೇರ ತೆರೆಯಂಗಿಲ್ಲ.

ಪಿಕ್ಚರ್ ಲಾಕ್ ಆದಮ್ಯಾಗ, ಅಂದ್ರ ಎಡಿಟ್ ಪಕ್ಕಾ ಆದಮ್ಯಾಗ, ಸೀಕ್ವೆನ್ಸಿಂದು (ಟೈಮ್‌ಲೈನ್) ಒಂದು ಕಾಪಿ ಮಾಡಿ ಅದರಾಗೇ ಕೆಲಸ ಮಾಡ್ರಿ. ನೆಸ್ಟ್, ಅಂದ್ರ ಸೀಕ್ವೆನ್ಸ್ ಒಳಗಿನ ಸೀಕ್ವೆನ್ಸ್, ಬಿಚ್ಚ್ರಿ. ಸ್ಪೀಡ್ ಬದಲಿಸಿದ ಕ್ಲಿಪ್ ರೆಂಡರ್ ಮಾಡಿ ವೇವ್ ಫೈಲ್ ಹಾಕ್ರಿ, ಇಲ್ಲಾಂದ್ರ ಆಕಡಿ ಮೂಲ ವೇಗದಾಗ ಬರಬಹುದು. ಮಾತು, ಎಫೆಕ್ಟ್, ಸಂಗೀತ ಬ್ಯಾರೆ ಬ್ಯಾರೆ ಟ್ರ್ಯಾಕ್‌ನಾಗ ಇರಲಿ.

ಎಕ್ಸ್‌ಪೋರ್ಟ್‌ನಾಗ 48000 ಹರ್ಟ್ಜ್, 24 ಬಿಟ್, ಎಂಬೆಡ್ ಆಡಿಯೋ (ಆಡಿಯೋ ಎಎಎಫ್ ಒಳಗೇ ಇರೋದು) ಆರಿಸ್ರಿ. ಬಳಸಿದಷ್ಟೇ ಆಡಿಯೋ ಟ್ರಿಮ್ ಮಾಡಿ ಕಳಸಿದ್ರ ಹ್ಯಾಂಡಲ್, ಅಂದ್ರ ಕಟ್‌ನ ಆಚೀಚೆ ಇರೋ ಹೆಚ್ಚಿನ ಆಡಿಯೋ, ಮರೀಬ್ಯಾಡ್ರಿ: ಸೆಕೆಂಡಿಗೆ 25 ಫ್ರೇಮ್ ಇದ್ರ ಒಂದೊಂದು ಬದಿ 50 ಫ್ರೇಮ್, ಅಂದ್ರ 2 ಸೆಕೆಂಡ್. ಜಾತ್ರಿ ಗದ್ದಲದಾಗ ತಗೊಂಡ ಮಾತಿಗೆ ಇದು ಭಾಳ ಮುಖ್ಯ. ಕಟ್ ಬಿದ್ದಲ್ಲೆ ಹಿಂದಿನ ಗದ್ದಲ ಟಕ್ಕಂತ ನಿಲ್ತದ. ಕ್ರಾಸ್‌ಫೇಡ್ (ಒಂದು ಸದ್ದು ಇಳಸಿ ಇನ್ನೊಂದು ಏರಿಸೋದು) ಮಾಡಲಿಕ್ಕ ಹೆಚ್ಚಿನ ಆಡಿಯೋ ಇಲ್ಲಂದ್ರ ಮಿಕ್ಸ್ ಮಾಡೋರು ಏನ್ ಮಾಡ್ಬೇಕು? ನೀವು ಹಾಕಿದ ಇಕ್ಯೂ (ದನಿ ತಿದ್ದೋದು), ನಾಯ್ಸ್ ರಿಡಕ್ಷನ್ ರೆಂಡರ್ ಮಾಡದಿದ್ರ ಎಎಎಫ್‌ನಾಗ ಹೋಗಂಗಿಲ್ಲ, ಅದಕ್ಕ ನಿಮ್ಮ ಮಿಕ್ಸ್ ಇದ್ದ ವಿಡಿಯೋನೂ ಕೊಡ್ರಿ, ಅದರ ಮ್ಯಾಲ ಟೈಮ್‌ಕೋಡ್ (ತಾಸು:ನಿಮಿಷ:ಸೆಕೆಂಡ್:ಫ್ರೇಮ್) ಕಾಣಲಿ.

ಸಿನಿಮಾ 01:00:00:00ಕ್ಕ ಶುರುವಿದ್ರ 00:59:58:00ಕ್ಕ 1 ಕಿಲೋಹರ್ಟ್ಜ್ ಬೀಪ್ ಒಂದೇ ಫ್ರೇಮ್ ಇಡ್ರಿ, ವಿಡಿಯೋದಾಗೂ, ಎಎಎಫ್‌ನಾಗೂ. ಎರಡೂ ಬೀಪ್ ಕೂಡಿದ್ರ ಸಿಂಕ್ (ಚಿತ್ರ, ದನಿ ಹೊಂದಿಕೆ) ಸರಿ.

ಶುರುದಾಗ ಕೂಡಿ, ಹೋಗ್ತ ಹೋಗ್ತ ತುಟಿಗೂ ಮಾತಿಗೂ ತಾಳ ತಪ್ಪಿದ್ರ ಫ್ರೇಮ್ ರೇಟ್, ಸ್ಯಾಂಪಲ್ ರೇಟ್ ನೋಡ್ರಿ. ಮೊಬೈಲ್‌ನಾಗ ಶೂಟ್ ಮಾಡಿದ್ದು ಇದ್ರಂತೂ ಫ್ರೇಮ್ ರೇಟ್ ಏರಿಳಿತಿರ್ತದ. ಎಡಿಟ್‌ಗಿಂತ ಮೊದ್ಲೇ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸೋ ಸಾಫ್ಟ್‌ವೇರ್‌ದಾಗ ಅದನ್ನ ಕಾನ್‌ಸ್ಟಂಟ್ (ಒಂದೇ ರೇಟ್) ಮಾಡ್ಕೋರಿ.