ದುಡ್ಡು ಕೊಟ್ಟು ತಂದ ಹುಲ್ಲು ಹೋಯ್ತು, ಬದುವಿನ ಗರಿಕೆ ಉಳೀತು

ಮೈಸೂರಿನಲ್ಲಿ ಮನೆ ಕಟ್ಟಿಸಿದಾಗ ಮುಂದೆ ಸುಮಾರು 400 ಚದರಡಿ ಅಂಗಳ ಉಳಿಯಿತು. ಗೃಹಪ್ರವೇಶಕ್ಕೆ ಚೆಂದ ಕಾಣಲಿ ಅಂತ ಮೆಕ್ಸಿಕನ್ ಗ್ರಾಸ್ ಹಾಕಿಸಿದೆ. ಚಾಪೆಯಂತೆ ಕತ್ತರಿಸಿದ ತುಂಡುಗಳನ್ನು ತಂದು, ಒಂದೇ ದಿನದಲ್ಲಿ ಜೋಡಿಸಿ ಹೋದರು. ಮಣ್ಣು, ಕೂಲಿ ಎಲ್ಲ ಸೇರಿ 16,000 ರೂಪಾಯಿ. ಬಂದವರೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೆ ಓಡಾಡಿದರು. ಊರಿಂದ ಬಂದಿದ್ದ ಅಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತು, "ಇದನ್ನ ಯಾವ ದನಕ್ಕೆ ಹಾಕ್ತೀಯಪ್ಪಾ?" ಅಂದರು.

ಮಾರ್ಚ್ ಬಂತು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರು ಅಂದುಕೊಂಡರೂ ಇಷ್ಟು ಜಾಗಕ್ಕೆ ಹೆಚ್ಚುಕಮ್ಮಿ 185 ಲೀಟರ್ ಬೇಕು. ನಮಗೆ ನಲ್ಲಿ ನೀರು ಬರುತ್ತಿದ್ದದ್ದೇ ದಿನ ಬಿಟ್ಟು ದಿನ. ಮಾವಿನ ಮರದ ನೆರಳಲ್ಲಿದ್ದ ಭಾಗ ಬೋಳಾಯಿತು, ಬಿಸಿಲಲ್ಲಿದ್ದದ್ದು ಒಣಗಿತು. ಇದರ ಮೇಲೆ, ಲೋಡ್ ಕೆಮ್ಮಣ್ಣಿನ ಜೊತೆ ಕೊನ್ನಾರಿ ಗಡ್ಡೆಯೂ ಬಂದಿತ್ತು. ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಗಡ್ಡೆ ಒಳಗೇ ಕೂತು ವಾರದಲ್ಲಿ ಮತ್ತೆ ಚಿಗುರುತ್ತದೆ. ಎರಡನೇ ವರ್ಷಕ್ಕೆ ಅಂಗಳದಲ್ಲಿ ಹುಲ್ಲಿಗಿಂತ ಅದೇ ಹೆಚ್ಚಾಯಿತು.

ಆ ಮೇ ತಿಂಗಳಲ್ಲಿ ಎಲ್ಲ ಅಗೆಸಿದೆ. ಈ ಸಲ ಅವಸರ ಮಾಡಲಿಲ್ಲ. ಬರೀ ಮಣ್ಣಿಗೆ ಎರಡು ವಾರ ನೀರು ಹಾಯಿಸಿ, ಕೊನ್ನಾರಿ ಮೊಳೆತ ಹಾಗೆಲ್ಲ ಸಣ್ಣ ಗುದ್ದಲಿಯಿಂದ ಗಡ್ಡೆ ಸಮೇತ ತೆಗೆದೆ. ಇದೊಂದು ಕೆಲಸ ಮೊದಲೇ ಮಾಡಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು.

ಆಮೇಲೆ ಊರಿನ ಹೊಲದ ಬದುವಿನಿಂದ ಒಂದು ಮೂಟೆ ಗರಿಕೆ ತಂದೆ. ಅಮ್ಮ ಬಿದ್ದೂ ಬಿದ್ದೂ ನಕ್ಕರು. "ರಾಗಿ ಹೊಲದಲ್ಲಿ ಇದನ್ನ ಕಿತ್ತೂ ಕಿತ್ತೂ ನನ್ನ ಉಗುರೆಲ್ಲ ಸವೆದೋಯ್ತು ಕಣೋ. ನೀನು ನೆಡ್ತಾ ಇದ್ದೀಯಲ್ಲ!" ನಕ್ಕರೂ, ಕೂತು ಬಳ್ಳಿ ಕತ್ತರಿಸಿ ಕೊಟ್ಟವರು ಅವರೇ. ತುಂಡಿಗೆ ಎರಡು ಮೂರು ಗೆಣ್ಣು ಇರಬೇಕು. ನಾಲ್ಕು ಬೆರಳಿಗೊಂದರಂತೆ ಇಟ್ಟು, ಒಂದು ಗೆಣ್ಣಾದರೂ ಮಣ್ಣೊಳಗೆ ಹೋಗುವ ಹಾಗೆ ಕಾಲಲ್ಲಿ ಒತ್ತಿದೆ. ಜೂನ್ ಮಳೆ ಹಿಡಿದಿತ್ತು. ಗಣಪತಿ ಹಬ್ಬದ ಹೊತ್ತಿಗೆ ಮಣ್ಣು ಕಾಣದಷ್ಟು ಹಬ್ಬಿತ್ತು.

ಗರಿಕೆ ಮೆಕ್ಸಿಕನ್ ಗ್ರಾಸ್‌ನಷ್ಟು ಮೆತ್ತಗಲ್ಲ, ಒಪ್ಪುತ್ತೇನೆ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೂ ತಿರುಗುತ್ತದೆ. ನಾನು ವಾರಕ್ಕೊಮ್ಮೆ ನೀರು ತೋರಿಸಿ ಸುಮ್ಮನಿರುತ್ತೇನೆ. ಏಪ್ರಿಲ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ತಾನೇ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೈಯಲ್ಲಿ ತಳ್ಳುವ ಮೆಷಿನ್ನಿನಲ್ಲಿ ಕತ್ತರಿಸುತ್ತೇನೆ, ಅದೂ ಮೂರನೇ ಒಂದು ಭಾಗ ಮಾತ್ರ. ಒಮ್ಮೆ ಆಸೆಪಟ್ಟು ಬುಡದವರೆಗೂ ಬೋಳಿಸಿದ್ದೆ. ತಿಂಗಳುಗಟ್ಟಲೆ ಗಜ್ಜಿ ಹಿಡಿದ ನಾಯಿಯ ಹಾಗೆ ಕಾಣುತ್ತಿತ್ತು.

ಆದರೆ ಗರಿಕೆಗೆ ಬಿಸಿಲು ಬೇಕೇ ಬೇಕು. ಅರ್ಧ ದಿನ ನೆರಳು ಬೀಳುವ ಕಾಂಪೌಂಡ್ ಪಕ್ಕದಲ್ಲಿ ಅರಾಕಿಸ್ ಪಿಂಟೊಯ್ ಹಾಕಿದೆ. ಕಡಲೆಕಾಯಿ ಕುಲದ್ದೇ, ಎಲೆ ನೋಡಿದರೆ ಗೊತ್ತಾಗುತ್ತದೆ. ಸಣ್ಣ ಹಳದಿ ಹೂವು. ಕತ್ತರಿಸುವ ತಾಪತ್ರಯ ಕಡಿಮೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವುದರಿಂದ ಗೊಬ್ಬರದ ಗೊಡವೆಯೂ ಅಷ್ಟಿಲ್ಲ. ಹೂವಿಗೆ ಜೇನು ಬರುತ್ತವೆ, ಹಾಗಾಗಿ ಮಕ್ಕಳು ಬರಿಗಾಲಲ್ಲಿ ಆಡುವ ಕಡೆ ಬೇಡ. ನಡುವೆ ಇಟ್ಟಿಗೆ ಅಂಚು ಕಟ್ಟದಿದ್ದರೆ ಗರಿಕೆಯೂ ಇದೂ ಒಂದರೊಳಗೊಂದು ನುಗ್ಗುತ್ತವೆ.

ಸಂಪಿನ ಪಕ್ಕ ಯಾವಾಗಲೂ ತೇವ ಇರುವಲ್ಲಿ ಒಂದೆಲಗ ಬಿಟ್ಟಿದ್ದೇನೆ. ತುಳಿಯುವ ಜಾಗವಲ್ಲ, ತಂಬುಳಿಗೂ ಚಟ್ನಿಗೂ ಆಗುತ್ತದೆ. ಮಾವಿನ ಮರದ ಬುಡದಲ್ಲಿ ಏನು ಹಾಕಿದರೂ ಬರಲಿಲ್ಲ. ನಾಲ್ಕು ಕಲ್ಲು ಚಪ್ಪಡಿ ಹಾಸಿ, ಉದುರಿದ ಎಲೆಯನ್ನು ಹಾಗೇ ಬಿಟ್ಟೆ. ಸಂಜೆ ಎಲ್ಲರೂ ಕೂರುವುದು ಅಲ್ಲೇ.

ಹಬ್ಬಕ್ಕೆ ಮೂರು ವಾರ ಮುಂಚೆ ಗೇಟಿನ ಮೂಲೆಯ ಗರಿಕೆಗೆ ಮೆಷಿನ್ ತಾಗಿಸುವುದಿಲ್ಲ. ಕತ್ತರಿಸಿದ ಕಡೆ ಕುಡಿ ಮೊಂಡಾಗಿರುತ್ತದೆ, ಪೂಜೆಗೆ ಆಗುವುದಿಲ್ಲ. ಚೌತಿಯ ಬೆಳಿಗ್ಗೆ ಬೀದಿಯ ಮಕ್ಕಳು ತಟ್ಟೆ ಹಿಡಿದು ಬರುತ್ತಾರೆ. ಅಮ್ಮ ಅಲ್ಲೇ ಕುರ್ಚಿ ಹಾಕಿಸಿಕೊಂಡು, ಒಬ್ಬೊಬ್ಬರಿಗೆ 21 ಕುಡಿ ಎಣಿಸಿ ಕೊಡುತ್ತಾರೆ.